ಯಾರಿಗೆ ಹೇಳಲಿ ಎಂದು ಕೇಳದೆ ಹೋದ ದಿನ

ಹೊಸದಾಗಿ ಯಾರನ್ನೇ ಕಂಡರೂ ನಾನು ಮೊದಲು ನೋಡುವುದು ಉಗುರು. ಮುಖ ಆಮೇಲೆ. ನಿವೃತ್ತಿಯಾಗಿ ಎರಡು ವರ್ಷವಾದರೂ ಈ ಚಾಳಿ ಬಿಟ್ಟಿಲ್ಲ. ತರಕಾರಿ ಅಂಗಡಿಯವನ ಉಗುರು, ಬಸ್ಸಿನಲ್ಲಿ ಪಕ್ಕ ಕೂತವಳ ಉಗುರು, ಮದುವೆಮನೆಯಲ್ಲಿ ಎದುರು ಪಂಕ್ತಿಯಲ್ಲಿ ಊಟಕ್ಕೆ ಕೂತವರ ಉಗುರು. ಕಚ್ಚಿ ಕಚ್ಚಿ ಮೊಂಡಾಗಿದ್ದರೆ ನನ್ನ ಊಟ ಕೆಟ್ಟಂತೆಯೇ. ಇವರಿಗೆ ನಿದ್ದೆ ಬರುತ್ತದೋ ಇಲ್ಲವೋ, ಕೇಳಲೋ ಬೇಡವೋ ಅಂತ ಒಳಗೊಳಗೇ ಶುರುವಾಗುತ್ತದೆ.

ನನ್ನ ಜಾಗಕ್ಕೆ ಬಂದಿರುವ ನರ್ಸ್ ಮೊನ್ನೆ ಫೋನ್ ಮಾಡಿದ್ದಳು. "ಸಿಸ್ಟರ್, ಸ್ಟ್ರೆಸ್ ಫಾರಂ ತುಂಬಿಸ್ತಾ ಇದೀನಿ. ಎಲ್ರೂ ಇಲ್ಲ, ಇಲ್ಲ ಅಂತಾನೇ ಟಿಕ್ ಮಾಡ್ತಾರೆ. ನಮ್ ಫ್ಯಾಕ್ಟರೀಲಿ ಯಾರ್ಗೂ ಟೆನ್ಷನ್ನೇ ಇಲ್ವಾ?" ಅಂದಳು. ಮೊದಲು ನಗು ಬಂತು, ಹಿಂದೆಯೇ ಹೆದರಿಕೆ ಬಂತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಹೊದಿಸಿದ ಶಾಲಿನ ಕಥೆ, ಬಡ್ತಿಯ ಕಥೆ ಯಾವುದೂ ಇಲ್ಲಿಲ್ಲ. ನಾನು ಮಾಡಿದ ಒಂದು ತಪ್ಪು ಇದೆ. ಅದು ತಿಳಿಯಬೇಕಾದರೆ ಮೊದಲು ಆ ಕೋಣೆ ಹೇಗಿತ್ತು ಅಂತ ಗೊತ್ತಾಗಬೇಕು.

ಆಸ್ಪತ್ರೆಯ ವಾರ್ಡುಗಳಲ್ಲಿ ಬಹಳ ವರ್ಷ ದುಡಿದ ಮೇಲೆ ನಾನು ಬೊಮ್ಮಸಂದ್ರದ ಒಂದು ಮಾತ್ರೆ ಫ್ಯಾಕ್ಟರಿಯ ಹೆಲ್ತ್ ರೂಮಿಗೆ ಸೇರಿದೆ. ಎರಡು ಮಂಚ, ಒಂದು ಮೇಜು, ಗೋಡೆಗೆ ಕಣ್ಣಿನ ಚಾರ್ಟು, ಪಾದರಸದ ಬಿಪಿ ಮೆಷಿನ್ನು. ವಾರಕ್ಕೆ ಎರಡು ದಿನ ಡಾಕ್ಟರು ಬರುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು, ನಾನೇ ಆಯಾ. ವಾರ್ಡಿನಲ್ಲಾದರೆ ರೋಗಿ ಮಲಗಿರುತ್ತಾನೆ, ಎಲ್ಲಿಗೂ ಓಡಲಾರ. ಇಲ್ಲಿ ಹಾಗಲ್ಲ. ಲೈನ್ ಬಿಟ್ಟು ನನ್ನ ಹತ್ತಿರ ಬರಬೇಕಾದರೆ ಸೂಪರ್‌ವೈಸರ್ ಸಹಿ ಮಾಡಿದ ಚೀಟಿ ಬೇಕು, ಅದರಲ್ಲಿ ಕಾರಣ ಬರೆದಿರಬೇಕು. ವಾಪಸ್ ಹೋಗುವಾಗ ನಾನೂ ಅದರಲ್ಲಿ ಏನು ಕಾಯಿಲೆ ಅಂತ ಬರೆದು ಕೊಡಬೇಕು. ಆ ಚೀಟಿಯನ್ನು ಸೂಪರ್‌ವೈಸರ್ ಓದುತ್ತಾನೆ, ಅವನ ಪಕ್ಕ ನಿಂತವನೂ ಓದುತ್ತಾನೆ. ಹೀಗಿರುವಾಗ ನನಗೆ ಭಯವಾಗುತ್ತಿದೆ ಅಂತ ಯಾವ ಪುಣ್ಯಾತ್ಮ ಬರೆಸಿಕೊಂಡು ಬರುತ್ತಾನೆ? ಎಲ್ಲರಿಗೂ ತಲೆನೋವು, ಇಲ್ಲ ಹೊಟ್ಟೆನೋವು, ಇಲ್ಲ ಬೆನ್ನುನೋವು.

ಮೊದಮೊದಲು ನಾನೂ ಚೀಟಿಯನ್ನೇ ನಂಬಿ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ಒಬ್ಬ ಆಪರೇಟರ್ ಇದ್ದ, ಮೂರು ವಾರಕ್ಕೊಮ್ಮೆ ಸರಿಯಾಗಿ ಸೋಮವಾರ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ. "ಏನಪ್ಪಾ, ನಿನ್ ಹೊಟ್ಟೆ ಕ್ಯಾಲೆಂಡರ್ ನೋಡ್ಕೊಂಡು ನೋಯುತ್ತಾ? ಕಳ್ಳಾಟ ಆಡ್ಬೇಡ, ಹೋಗು ಲೈನಿಗೆ" ಅಂತ ಬೈದು ಅಟ್ಟಿದೆ. ಅವತ್ತು ಡಾಕ್ಟರು ಬರುವ ದಿನ. ಕಡಿಮೆ ಮಾತಿನ ಮನುಷ್ಯ ಅವರು, ಬೈದರೂ ದನಿ ಏರಿಸುತ್ತಿರಲಿಲ್ಲ. ನನ್ನ ರಿಜಿಸ್ಟರ್ ತಿರುವಿ ಹಾಕಿ, "ಎಲ್ಲಿ ನೋವು ಅಂತ ಬರ್ದಿದೀರಿ, ಸರಿ. ಯಾವತ್ತಿಂದ ಅಂತ ಕೇಳಿದ್ರಾ ಸಿಸ್ಟರ್? ಅವತ್ತು ಏನಾಯ್ತು ಅಂತ ಕೇಳಿದ್ರಾ?" ಅಂದರು. ಕರೆಸಿ ಕೇಳಿದೆ. ಒಂದು ಮೆಷಿನ್ನಿನಲ್ಲಿ ಜೊತೆಯವನ ಬೆರಳು ಸಿಕ್ಕಿಕೊಂಡಾಗ ಸ್ವಿಚ್ ಆರಿಸಿದವನು ಈತನೇ. ಮೂರು ವಾರಕ್ಕೊಮ್ಮೆ ಅದೇ ಮೆಷಿನ್ನಿಗೆ ಇವನ ಸರದಿ ಬರುತ್ತಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಬೇರೆ ಮೆಷಿನ್ನಿಗೆ ಹಾಕಿಸಿಕೊಟ್ಟೆವು, ಹೊಟ್ಟೆನೋವು ನಿಂತಿತು.

ಆಮೇಲೆ ನನಗೊಂದು ದಾರಿ ಸಿಕ್ಕಿತು. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು, ಮಾತಾಡಿಸಬಾರದು ಅನ್ನುವುದು ನರ್ಸಿಂಗಿನ ಮೊದಲ ವರ್ಷದ ಪಾಠ. ಯಾವ ಸೂಪರ್‌ವೈಸರೂ ಅದಕ್ಕೆ ತಕರಾರು ಎತ್ತುವಂತಿಲ್ಲ. ಏನು ನೋವು ಅಂತ ಬಂದರೂ ಸರಿ, ಬೆನ್ನು ಒರಗಿಸಿ ಕೂರಿಸಿ, ಕೈಗೆ ಪಟ್ಟಿ ಸುತ್ತಿ, "ಐದ್ ನಿಮಿಷ ಮಾತಾಡ್ಬೇಡಿ" ಅನ್ನುತ್ತಿದ್ದೆ. ನಾನು ರಿಜಿಸ್ಟರಿಗೆ ಗೆರೆ ಎಳೆಯುತ್ತಾ ಕೂರುತ್ತಿದ್ದೆ. ವಿಚಿತ್ರ ನೋಡಿ, ಮಾತಾಡಿ ಅಂದರೆ ಬಾಯಿ ಬಿಡದವರು ಮಾತಾಡಬೇಡಿ ಅಂದರೆ ಮೂರನೇ ನಿಮಿಷಕ್ಕೆ ಶುರು ಮಾಡುತ್ತಿದ್ದರು. ಕಾಲು ಕುಣಿಸುತ್ತಿದ್ದಾರೆಯೇ, ಬಾಗಿಲ ಕಡೆಗೇ ನೋಡುತ್ತಿದ್ದಾರೆಯೇ, ಉಸಿರು ಮೇಲೆಮೇಲೆ ಎಳೆಯುತ್ತಿದ್ದಾರೆಯೇ, ಎಲ್ಲಾ ಅಷ್ಟರಲ್ಲಿ ಕಾಣುತ್ತಿತ್ತು. ಚೀಟಿಯಲ್ಲಿ 'ಬಿಪಿ ನೋಡಲಾಯಿತು' ಅಂತ ಬರೆದು ಕೊಡುತ್ತಿದ್ದೆ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಮುಂದೆ ಪಾದರಸದ ಮೆಷಿನ್ ಹೋಗಿ ಗುಂಡಿ ಒತ್ತುವ ಮೆಷಿನ್ ಬಂತು. ಒಂದು ನಿಮಿಷದೊಳಗೆ ನಂಬರ್ ತೋರಿಸುತ್ತದೆ. ಅದರ ಜೊತೆಗೇ ಈ ಸ್ಟ್ರೆಸ್ ಫಾರಂ ಬಂತು. 'ಕಳೆದ ತಿಂಗಳಿನಲ್ಲಿ ನೀವು ಎಷ್ಟು ಬಾರಿ ಪರಿಸ್ಥಿತಿಯ ಮೇಲೆ ನಿಯಂತ್ರಣ ಕಳೆದುಕೊಂಡಿರುವಿರಿ' ಅನ್ನುವಂಥ ಪ್ರಶ್ನೆಗಳು. ಎಚ್‌ಆರ್ ಮೇಡಂ ಬಂದು ನಿಂತು, "ಸಿಸ್ಟರ್, ಒಬ್ಬೊಬ್ರಿಗೆ ಇಷ್ಟ್ ಹೊತ್ತು ಯಾಕೆ? ಮೆಷಿನ್ ಇದೆ, ಫಾರಂ ಇದೆ, ಬೇಗ ಮುಗ್ಸಿ" ಅಂದರು. ಫಾರಂ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕೇಳದೆ ಇರುವುದಕ್ಕಿಂತ ಕೇಳುವುದು ಮೇಲು. ಆದರೆ ಐದು ನಿಮಿಷವನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಅಷ್ಟರಮಟ್ಟಿಗೆ ನನಗೆ ಜಂಬವೂ ಇತ್ತು. ಮನುಷ್ಯರನ್ನು ಓದುವುದು ನನಗೆ ಬರುತ್ತದೆ ಅಂತ ತಿಳಿದುಕೊಂಡಿದ್ದೆ.

ಆ ಜಂಬ ಮುರಿದದ್ದು ರೇಣುಕಾ ಬಂದ ಮೇಲೆ.

ರೇಣುಕಾ ಯಾದಗಿರಿ ಕಡೆಯವಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮಾತ್ರೆ ತುಂಬಿದ ಸ್ಟ್ರಿಪ್ಪುಗಳನ್ನು ದೀಪದ ಕೆಳಗೆ ಹಿಡಿದು, ಯಾವುದಾದರೂ ಗುಳಿ ಖಾಲಿ ಉಳಿದಿದೆಯಾ ಅಂತ ನೋಡುವ ಕೆಲಸ. ಗಂಡ ಮಲ್ಲಪ್ಪ ವೈಟ್‌ಫೀಲ್ಡ್ ಕಡೆ ಪಟ್ಟಂದೂರು ಅಗ್ರಹಾರದಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅಲ್ಲೇ ಶೆಡ್ಡಿನಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದ. ಒಂದೇ ವಾರದಲ್ಲಿ ಅವಳು ಮೂರು ಸಲ ತಲೆನೋವಿನ ಚೀಟಿ ತಂದಳು. ಮೂರೂ ಸಲ ಬಿಪಿ ಸರಿಯಾಗಿಯೇ ಇತ್ತು. ಉಗುರು ಮಾತ್ರ ಹತ್ತೂ ಬೆರಳಲ್ಲಿ ಇರಲಿಲ್ಲ.

ಮೂರನೇ ಸಲ, ಐದು ನಿಮಿಷ ಮುಗಿಯುವ ಹೊತ್ತಿಗೆ, ಅವಳು ಗೋಡೆ ನೋಡುತ್ತಲೇ ಮಾತಾಡಿದಳು. "ಕಣ್ಣ ಮುಚ್ಚಿದ್ರ ಸ್ಟ್ರಿಪ್ಪೇ ಕಾಣಸ್ತಾವ್ರೀ ಸಿಸ್ಟರ್. ನಿದ್ದ್ಯಾಗೂ ಖಾಲಿ ಗುಳಿ ಹುಡಕ್ತೀನಿ."

"ಯಾವತ್ತಿಂದ?"

ಒಂದು ಪೆಟ್ಟಿಗೆ ವಾಪಸ್ ಬಂದಿತ್ತಂತೆ, ಅದರಲ್ಲಿ ಒಂದು ಸ್ಟ್ರಿಪ್ಪಿನ ಒಂದು ಗುಳಿ ಖಾಲಿ. ಅದು ಇವಳ ಟೇಬಲ್ಲಿನಿಂದ ಹೋದದ್ದು ಅಂತ ಪತ್ತೆಮಾಡಿ ಎಲ್ಲರ ಮುಂದೆ ನಿಲ್ಲಿಸಿ ಕೇಳಿದ್ದರು. ಅವತ್ತಿನಿಂದ ಪ್ರತಿ ಸ್ಟ್ರಿಪ್ಪನ್ನೂ ಎರಡೆರಡು ಸಲ ನೋಡುತ್ತಾಳೆ. ಕೆಲಸ ಹಿಂದೆ ಬೀಳುತ್ತದೆ, ಅದಕ್ಕೆ ಮತ್ತೆ ಬೈಗುಳ. "ಮನ್ಯಾಗೂ ಹಂಗೇ ಆಗೇದ್ರೀ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಹತ್ತ ಸಲ ಏಳ್ತೀನಿ. ಬಟ್ಟಿ ಒಣಾ ಹಾಕ್ಲಿಕ್ಕೆ ಮ್ಯಾಲ ಟೆರೇಸಿಗೆ ಹೋದ್ರ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ನಾನು ಪೆನ್ನು ಕೆಳಗಿಟ್ಟೆ. ಇಂಥ ಜಾಗದಲ್ಲಿ ಸುತ್ತಿ ಬಳಸಿ ಮಾತಾಡಬಾರದು. ನೇರವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ನಾನೂ ಕೇಳಿದೆ. "ಸಾಯ್ಬೇಕು ಅಂತ ಅನ್ಸುತ್ತಾ ರೇಣುಕಾ?"

ಅವಳು ನನ್ನ ಮುಖ ನೋಡಿದಳು. ಮೂರು ಸಲದಲ್ಲಿ ಅದೇ ಮೊದಲು ನೋಡಿದ್ದು. "ನನಗ ನಂದೇ ಅಂಜಿಕಿ ಬರ್ತದ್ರೀ" ಅಂದಳು. ಆಮೇಲೆ ನನ್ನ ಕೈ ಹಿಡಿದು, "ಯಾರ ಮುಂದೂ ಹೇಳಬ್ಯಾಡ್ರೀ ಸಿಸ್ಟರ್" ಅಂದಳು.

"ಇಲ್ಲಮ್ಮ, ಯಾರಿಗೂ ಹೇಳಲ್ಲ" ಅಂದುಬಿಟ್ಟೆ. ಈ ಕೆಲಸಕ್ಕೆ ಬರುವ ಹುಡುಗಿಯರೇ, ಮೊದಲ ತಪ್ಪು ಇದು. ಒಬ್ಬರ ಜೀವದ ಪ್ರಶ್ನೆ ಬಂದಾಗ ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬಾರದು. ಉಳಿಸಿಕೊಳ್ಳಲು ಆಗದ ಮಾತು ಅದು.

ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಹೇಳುವುದು ಹೇಳಿದಂತಲ್ಲ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅವರು ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕಾಗದ ಬರೆದುಕೊಡುವುದಾಗಿ ಹೇಳಿ, "ಅಲ್ಲೀವರ್ಗೂ ಅವಳನ್ನ ಒಬ್ಳೇ ಬಿಡ್ಬೇಡಿ. ಅವಳನ್ನೇ ಕೇಳಿ, ಜೊತೆಗೆ ಯಾರಿರ್ತಾರೆ ಅಂತ" ಅಂದರು. ಕೇಳಲು ಲೈನಿಗೆ ಹೋಗುವಷ್ಟರಲ್ಲಿ ಶಿಫ್ಟ್ ಮುಗಿದು ಅವಳ ಬಸ್ ಹೊರಟುಹೋಗಿತ್ತು. ಮೊಬೈಲ್ ಸ್ವಿಚ್ ಆಫ್. ಆಫೀಸಿನಲ್ಲಿ ಅವಳ ವಿಳಾಸ ತೆಗೆಸಿ ನೋಡಿದರೆ, ಅದು ನಮ್ಮಣ್ಣನ ಬಿಲ್ಡಿಂಗು!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಇಲ್ಲಿಯವಳೇ. ಬೊಮ್ಮಸಂದ್ರದ ಆಚೆಗಿರುವ ಹಳ್ಳಿ ನನ್ನ ತವರು. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಣ್ಣ ಮೂರು ಮಹಡಿ ಎಬ್ಬಿಸಿ, ಒಂದೊಂದು ಕೋಣೆಯ ಮನೆಗಳನ್ನು ಮಾಡಿ, ಫ್ಯಾಕ್ಟರಿಗಳಿಗೆ ಬರುವವರಿಗೆ ಬಾಡಿಗೆಗೆ ಕೊಟ್ಟಿದ್ದ. ಅಣ್ಣ ತೀರಿಕೊಂಡ ಮೇಲೆ ಎಲ್ಲವನ್ನೂ ನೋಡಿಕೊಳ್ಳುವವರು ನಂಜಮ್ಮ ಅತ್ತಿಗೆ. ಕೆಳಗಿನ ಮನೆಯಲ್ಲಿರುತ್ತಾರೆ. ಮಂಡಿ ನೋವು ಅಂತ ಆರು ವರ್ಷದಿಂದ ಮೆಟ್ಟಿಲು ಹತ್ತುವುದಿಲ್ಲ. ನೀರಿನ ಮೋಟರ್ ಕೆಳಗಿಂದಲೇ ಹಾಕಿ, ಮೇಲಿನವರನ್ನು ಕೆಳಗಿಂದಲೇ ಕೂಗುತ್ತಾರೆ. ನಾನೇ ಎಷ್ಟೋ ಸಲ ಮಂಡಿಗೆ ಹಚ್ಚುವ ಮುಲಾಮು ತಂದುಕೊಟ್ಟಿದ್ದೇನೆ.

ವಿಳಾಸ ನೋಡಿದಾಗ ನನಗೆ ದೇವರೇ ದಾರಿ ತೋರಿಸಿದ ಹಾಗಾಯಿತು. ನಮ್ಮದೇ ಮನೆ, ನಮ್ಮದೇ ಅತ್ತಿಗೆ. ಇನ್ನೇನು ಬೇಕು? ಸಂಜೆ ಫೋನ್ ಹಚ್ಚಿದೆ.

"ಅತ್ತಿಗೆ, ಮೂರನೇ ಮಹಡೀಲಿ ರೇಣುಕಾ ಅಂತ ಹುಡುಗಿ ಇದಾಳಲ್ಲ, ಅವಳ ಮೇಲೆ ಸ್ವಲ್ಪ ಕಣ್ಣಿಟ್ಟಿರಿ. ಟೆರೇಸ್ ಬಾಗಿಲಿಗೆ ಬೀಗ ಹಾಕ್ಬಿಡಿ."

"ಯಾಕೆ ಸರೋಜ? ಏನಾಗೈತೆ?"

"ಮನಸ್ಸು ಸರಿಯಿಲ್ಲ ಅವಳಿಗೆ. ಸಾಯೋ ಯೋಚನೆ ಬರ್ತಿದೆ. ಯಾರಿಗೂ ಹೇಳ್ಬೇಡಿ."

ಆ ಕಡೆಯಿಂದ ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಕೊನೆಗೆ "ಊಂ" ಅಂದು ಇಟ್ಟುಬಿಟ್ಟರು. ನಾನು ನಿರಾಳವಾಗಿ ಅಡುಗೆಗೆ ಕೂತೆ. ಎಂಥಾ ನಿರಾಳ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಶನಿವಾರ ರೇಣುಕಾ ಕೆಲಸಕ್ಕೆ ಬರಲಿಲ್ಲ. ಹತ್ತು ಗಂಟೆಗೆ ಅತ್ತಿಗೆಗೆ ಫೋನ್ ಮಾಡಿದೆ.

"ಖಾಲಿ ಮಾಡಿಸ್ಬುಟ್ಟೆ ಕಣಮ್ಮ. ಬೆಳಿಗ್ಗೇನೇ ಓದ್ಲು."

"ಏನು? ಎಲ್ಲಿಗೆ ಹೋದ್ಲು?"

"ನಂಗೇನ್ ಗೊತ್ತು? ನಿಮ್ ಸಿಸ್ಟರೇ ಏಳವ್ರೆ, ನಿಂಗಿಂಗೈತಂತೆ, ನಮ್ಮನೇಲಿ ಇರ್ಬೇಡ ಅಂದೆ. ನಮ್ಮನೇಲಿ ಏನಾರ ಆಗ್ಬುಟ್ರೆ ಯಾರಮ್ಮ ನೋಡೋರು?"

"ಅತ್ತಿಗೆ, ನೀವು ಮನುಷ್ಯರೇನ್ರೀ?" ಅಂತ ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದು ಮಾತೂ ತಿರುಗಿಸಲಿಲ್ಲ, ಅದೂ ನನಗೆ ಆಗ ಗಮನಕ್ಕೆ ಬರಲಿಲ್ಲ. ಆ ಹುಡುಗಿ ನಂಬಿ ಹೇಳಿದ ಒಂದು ಮಾತನ್ನು ಅವಳ ತಲೆಯ ಮೇಲಿನ ಸೂರಿಗೇ ಮುಟ್ಟಿಸಿದ್ದೆ. ಅವಳು ಸತ್ತರೆ ಅದಕ್ಕೆ ಕಾರಣ ನಾನೇ ಅಂತ ಅನ್ನಿಸಿತು. ಇದನ್ನು ಮೆತ್ತಗೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅವಳ ಗಂಡನ್ನ ಹುಡುಕಿ, ಬೇಗ. ಲೈನಲ್ಲಿ ಜೊತೆಯೋರನ್ನೂ ಕೇಳ್ತಾ ಇರಿ" ಅಂದರು. ಅವಳ ಟೇಬಲ್ಲಿನ ಅಕ್ಕಪಕ್ಕದವರನ್ನು ಕೇಳಿದೆ. ಎಲ್ಲರೂ ಗೊತ್ತಿಲ್ಲ ಅಂತ ತಲೆ ಆಡಿಸಿದರು. ಗೀತಾ ಅನ್ನುವವಳು ಮಾತ್ರ ತಲೆ ಆಡಿಸಲೂ ಇಲ್ಲ, ನನ್ನನ್ನು ಒಂದು ಥರಾ ನೋಡಿ ಸ್ಟ್ರಿಪ್ ಎತ್ತಿಕೊಂಡಳು. ಅದನ್ನೂ ಓದಲಿಲ್ಲ ನಾನು. ಗಾಬರಿಯಾದವರಿಗೆ ಎದುರಿಗಿದ್ದದ್ದೂ ಕಾಣುವುದಿಲ್ಲ. ಆಫೀಸಿನಲ್ಲಿದ್ದ ಮಲ್ಲಪ್ಪನ ನಂಬರ್ ಚಾಲ್ತಿಯಲ್ಲಿರಲಿಲ್ಲ.

ಮಧ್ಯಾಹ್ನಕ್ಕೆ ರಜೆ ಹಾಕಿ, ಎರಡು ಬಸ್ ಬದಲಾಯಿಸಿ ಪಟ್ಟಂದೂರು ಅಗ್ರಹಾರಕ್ಕೆ ಹೋದೆ. ಒಂದು ಕಡೆ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಎಮ್ಮೆ ಕಟ್ಟಿದ ಮನೆಗಳು, ನಡುವೆ ಎಲ್ಲಿ ನೋಡಿದರೂ ಹಸಿರು ಬಲೆ ಹೊದಿಸಿದ ಹೊಸ ಕಟ್ಟಡ. ಒಂದೊಂದರ ಗೇಟಿನಲ್ಲೂ ನಿಂತು, "ಯಾದಗಿರಿ ಕಡೆಯೋರು ಯಾರಾದ್ರೂ ಇದಾರಾ ಅಣ್ಣಾ? ಮಲ್ಲಪ್ಪ ಅಂತ?" ಅಂತ ಕೇಳಿದೆ. ದಾರಿಯುದ್ದಕ್ಕೂ ಫೋನ್ ಕೈಯಲ್ಲೇ. ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತು, ಎತ್ತಲು ಧೈರ್ಯವಾಗಲಿಲ್ಲ. ಎತ್ತಿದರೆ ಸಾಲ ಬೇಕಾ ಮೇಡಂ ಅಂತ ಕೇಳುವ ಹುಡುಗಿ. ಅಯ್ಯೋ, ಆ ಪಾಪದವಳಿಗೆ ಎಷ್ಟು ಬೈದೆನೋ!

ಐದನೆಯದೋ ಆರನೆಯದೋ ಗೇಟಿನಲ್ಲಿ ಮಲ್ಲಪ್ಪ ಸಿಕ್ಕ. ಸಿಮೆಂಟಿನ ಕೈಯಲ್ಲೇ ಓಡಿಬಂದ. ರೇಣುಕಾ ಇಲ್ಲಿಗೆ ಬಂದಳಾ ಅಂತ ಕೇಳಿದರೆ, "ಇಲ್ರೀ ಅಕ್ಕಾರ. ರೂಮಿನ್ಯಾಗ ಇಲ್ಲೇನ್ರೀ?" ಅಂದ.

ಗಂಡನ ಹತ್ತಿರವಾದರೂ ಬಂದಿರುತ್ತಾಳೆ ಅಂತ ಅದೊಂದು ಆಸೆ ಇತ್ತು. ವಾಪಸ್ ಬರುವ ಬಸ್ಸಿನಲ್ಲಿ ಅವನಿಗೆ ಎಷ್ಟು ಹೇಳಬೇಕು, ಏನು ಹೇಳಬೇಕು ಅಂತ ತಿಳಿಯದೆ, ಹುಷಾರಿಲ್ಲ ಅಂತಷ್ಟೇ ಹೇಳಿದೆ. ಅವನು ಊರಿಗೆ, ಅಕ್ಕನಿಗೆ, ಮಾವನಿಗೆ ಒಂದೊಂದೇ ಫೋನ್ ಮಾಡುತ್ತಾ ಬಂದ. ಎಲ್ಲೂ ಇಲ್ಲ. ಕೊನೆಗೆ ಅವನ ಬಾಯಿಂದಲೇ, "ಗೀತಾ ಅಂತ ಗೆಳತಿ ಅದಾಳ್ರೀ ಒಬ್ಬಾಕಿ" ಅನ್ನುವ ಮಾತು ಬಂತು. ನನಗೆ ಆ ಹುಡುಗಿ ನೋಡಿದ ನೋಟ ಆಗ ಅರ್ಥವಾಯಿತು.

ಫ್ಯಾಕ್ಟರಿ ಹಿಂದಿನ ಸಾಲುಮನೆಯಲ್ಲಿ ಗೀತಾ ಇನ್ನೂ ಮೂವರೊಂದಿಗೆ ಇದ್ದಳು. ಇಬ್ಬರೂ ಹೋದಾಗ ಬಾಗಿಲು ಅರ್ಧ ತೆಗೆದಿತ್ತು. ಒಳಗೆ ರೇಣುಕಾ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಆ ಸದ್ದು ಕೇಳಿ ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಳಬಾರದಿತ್ತು, ಅಳು ಬಂತು.

ಮಲ್ಲಪ್ಪ ಒಳಗೆ ಹೋದ. ಗೀತಾ ಹೊರಗೆ ಬಂದು ನನಗೆ ಅಡ್ಡ ನಿಂತಳು. "ಇನ್ಯಾರಿಗ್ ಹೇಳೋಕ್ ಬಂದ್ರಿ ಸಿಸ್ಟರ್?" ಅಂದಳು. ಸರಿಯಾಗಿಯೇ ಕೇಳಿದಳು.

ಸ್ವಲ್ಪ ಹೊತ್ತಿನ ಮೇಲೆ ರೇಣುಕಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ನಿಮಗ ಹೇಳಿದ್ದು ನಂದೇ ತಪ್ಪಾತ್ರೀ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ತಪ್ಪು ನಂದು. ಯಾರಿಗೂ ಹೇಳಲ್ಲ ಅಂದೆ, ಹೇಳಿದೆ. ನಿನ್ನ ಕೇಳದೇನೇ ಹೇಳಿದೆ" ಅಂದೆ. "ಈಗ ನೀನೇ ಹೇಳು ರೇಣುಕಾ. ಒಬ್ಬಳೇ ಇಟ್ಕೊಳೋಕಾಗಲ್ಲ ಇದನ್ನ, ನಂಗೂ ಆಗಲ್ಲ, ನಿಂಗೂ ಆಗಲ್ಲ. ಯಾರಿಗೆ ಹೇಳ್ಲಿ?"

ಅವಳು ಹಿಟ್ಟಿನ ಬೆರಳು ಒಂದೊಂದಾಗಿ ಮಡಚಿದಳು. "ಗೀತಾಗ ಗೊತ್ತದ. ಡಾಕ್ಟರಿಗಿ ಹೇಳ್ರಿ. ನಮ್ಮನಿಯವರಿಗಿ ನಾನ ಹೇಳ್ತೀನಿ, ನೀವ ಬಾಜೂಕ ಕುಂಡ್ರಬೇಕು. ಊರಾಗ ನಮ್ಮವ್ವಗ ಮಾತ್ರ ಬ್ಯಾಡ." ಅಷ್ಟೇ. ಮೂರು ಜನ. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಕೇಳಿದ್ದರೆ ಹಿಂದಿನ ದಿನವೇ ಹೇಳಿರುತ್ತಿದ್ದಳು.

ಸೋಮವಾರ ಮಾನಸಿಕ ವಿಭಾಗಕ್ಕೆ ನಾಲ್ವರೂ ಹೋದೆವು. ಅಲ್ಲಿಯವರೆಗೆ ಗೀತಾ ಮತ್ತು ಅವಳ ಜೊತೆಗಿದ್ದ ಮೂವರು ರೇಣುಕಾಳನ್ನು ಒಂದು ಕ್ಷಣ ಒಬ್ಬಳೇ ಬಿಟ್ಟಿರಲಿಲ್ಲ. ಚಿಕಿತ್ಸೆ ಶುರುವಾಯಿತು. ಡಾಕ್ಟರು ಹಟ ಹಿಡಿದು ಅವಳನ್ನು ಸ್ಟ್ರಿಪ್ ನೋಡುವ ಕೆಲಸದಿಂದ ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿಸಿದರು. ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ. ನಿದ್ದೆ ಬಂದ ವಾರ, ಬಾರದ ವಾರ. ಅವಳು ಕೆಲಸಕ್ಕೆ ಬರದ ದಿನ ಗೀತಾಳ ಟೇಬಲ್ಲಿಗೆ ಹೋಗಿ ವಿಚಾರಿಸಿ ಬರುತ್ತಿದ್ದೆ. ತಿಂಗಳುಗಳಾದ ಮೇಲೆ ಒಂದು ದಿನ ಚೀಟಿ ಕೊಡುವಾಗ ಅವಳ ಹೆಬ್ಬೆರಳಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಉಗುರು ಕಂಡಿತು. ನನಗೆ ಯಾವ ಫಾರಂ ಬೇಕು!

ಅತ್ತಿಗೆಯ ಮನೆಗೆ ಮಾತ್ರ ನಾನು ಹೋಗಿರಲಿಲ್ಲ. ಕೋಪ ಇಳಿದಿರಲಿಲ್ಲ. ಹಬ್ಬಕ್ಕೆ ಕರೆದರೂ ಹೋಗಲಿಲ್ಲ. ಒಂದು ಭಾನುವಾರ ಪಕ್ಕದ ಮನೆಯವರು ಫೋನ್ ಮಾಡಿ, ನಂಜಮ್ಮನವರಿಗೆ ತಲೆಸುತ್ತು, ಬಂದು ಬಿಪಿ ನೋಡಿ ಅಂದರು. ಮೆಷಿನ್ ತೆಗೆದುಕೊಂಡು ಹೋದೆ. ಅತ್ತಿಗೆ ಮೊದಲಿನ ಅರ್ಧದಷ್ಟಾಗಿದ್ದರು. ಮುಖ ಗಂಟಿಕ್ಕಿಕೊಂಡೇ ಪಟ್ಟಿ ಸುತ್ತಿ, ಅಭ್ಯಾಸಬಲದಿಂದ, "ಐದ್ ನಿಮಿಷ ಮಾತಾಡ್ಬೇಡಿ" ಅಂದೆ. ಆಗ ಅವರ ಕೈ ನೋಡಿದೆ. ಆ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು, ಊರಿನವರ ಉಗುರನ್ನೆಲ್ಲ ನೋಡುವವಳು, ಅತ್ತಿಗೆಯ ಉಗುರನ್ನು ಒಂದು ದಿನವೂ ನೋಡಿರಲಿಲ್ಲ.

"ಅವತ್ತು ನೀನೇಳ್ದೆ ಅಂತ ಮೆಟ್ಲತ್ತಿದೆ ಸರೋಜ" ಅಂದರು ಅತ್ತಿಗೆ. "ಟೆರೇಸ್ ಬಾಗ್ಲಿಗೆ ಬೀಗ ಆಕೋಕೆ. ಆರ್ ವರ್ಸ ಆಗಿತ್ತು ಮೇಲತ್ತಿ. ಆ ರೂಮ್ ದಾಟ್ಕೊಂಡೇ ಓಗ್ಬೇಕಲ್ಲಮ್ಮ. ಅದೇ ರೂಮು ಕಣೇ, ಆ ಹುಡ್ಗಿ ಇದ್ದಿದ್ದು."

ಆರು ವರ್ಷದ ಹಿಂದೆ ಆ ಕೋಣೆಯಲ್ಲಿ ಬಾಡಿಗೆಗಿದ್ದ ಒಬ್ಬ ಹುಡುಗ ಜೀವ ಕಳೆದುಕೊಂಡಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಅದು ಬಾಡಿಗೆಯವರ ವಿಷಯ, ಆಗಿಹೋದ ವಿಷಯ ಅಂತ ತಲೆಯಿಂದ ತೆಗೆದುಹಾಕಿದ್ದೆ. ಯಾವ ಕೋಣೆ ಅಂತ ಕೂಡ ನೆನಪಿರಲಿಲ್ಲ. ನೀರು ತುಂಬಿ ಬಾಗಿಲ ಕೆಳಗಿಂದ ಹರಿದು ಬರುತ್ತಿದೆ ಅಂತ ಬಾಗಿಲು ತೆಗೆಸಿ ಮೊದಲು ಒಳಗೆ ಕಾಲಿಟ್ಟವರು ಅತ್ತಿಗೆ. ಆ ಸಂಜೆ ನಾನು ಬಂದು, "ಆಯ್ತಲ್ಲ, ಮರ್ತುಬಿಡಿ ಅತ್ತಿಗೆ" ಅಂತ ಹೇಳಿ, ಒಂದು ಲೋಟ ಕಾಫಿ ಮಾಡಿಕೊಟ್ಟು ಹೋಗಿದ್ದೆ. ಎಷ್ಟೋ ವರ್ಷ ಸರ್ವಿಸ್ ಮಾಡಿದ ನರ್ಸ್ ಕೊಟ್ಟ ಚಿಕಿತ್ಸೆ ಅಷ್ಟು. ಮರುದಿನದಿಂದ ಅವರಿಗೆ ಮಂಡಿ ನೋವು ಶುರುವಾಯಿತು. ಆ ಮಂಡಿಗೆ ನಾನು ಆರು ವರ್ಷ ಮುಲಾಮು ಕೊಟ್ಟೆ. ಯಾವತ್ತಿಂದ ಅತ್ತಿಗೆ, ಅವತ್ತು ಏನಾಯ್ತು ಅಂತ ಕೇಳಲಿಲ್ಲ.

"ನೀನು ಫೋನಲ್ಲಿ ಅಂದೇಟ್ಗೆ ನನ್ ಕೈಕಾಲು ತಣ್ಗಾಗೋದ್ವು" ಅಂದರು. "ಇನ್ನೊಂದ್ ದಪ ಆ ಬಾಗ್ಲು ನನ್ ಕೈಲಿ ತೆಗ್ಯಕಾಗಲ್ಲ ಸರೋಜ. ಅದ್ಕೇ ಕಳಿಸ್ಬುಟ್ಟೆ. ಕೆಟ್ಟೋಳು ಅಂತ ಅಲ್ಲ."

ಹೊರಲಾರದ ಭಾರ ಅಂತ ರೇಣುಕಾಳ ಕೈಯಿಂದ ತೆಗೆದುಕೊಂಡು, ಅದನ್ನು ಹೊರಲು ಸಾಧ್ಯವೇ ಇಲ್ಲದ ಒಬ್ಬರ ತಲೆಯ ಮೇಲೆ ಇಟ್ಟಿದ್ದೆ. ರೋಗಿಯನ್ನು ನೋಡಿದೆ, ರೋಗಿಯನ್ನು ಯಾರ ಕೈಗೆ ಕೊಡುತ್ತಿದ್ದೇನೆ ಅಂತ ನೋಡಲಿಲ್ಲ. ನನ್ನ ಜಾಗದಲ್ಲಿ ಕೂತಿರುವ ಹುಡುಗಿಗೆ ನಾನು ಹೇಳಬೇಕಾದದ್ದು ಇಷ್ಟೇ ಮಾತು.

ಅತ್ತಿಗೆಯ ಕೈ ಹಿಡಿದುಕೊಂಡು ಕೇಳಿದೆ. "ಅತ್ತಿಗೆ, ಇದನ್ನ ನೀವೊಬ್ರೇ ಇಟ್ಕೊಂಡಿದ್ದು ಸಾಕು. ಯಾರಿಗೆ ಹೇಳ್ಲಿ? ನೀವು ಯಾರಿಗೆ ಅಂತೀರೋ ಅವ್ರಿಗೆ ಮಾತ್ರ."

ಬೇರೆ ಊರಲ್ಲಿರುವ ಮಗನಿಗೆ ಅನ್ನುತ್ತಾರೆ, ಇಲ್ಲ ಡಾಕ್ಟರಿಗೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಹುಡ್ಗೀಗೇಳು" ಅಂದರು.

ಬಿಪಿ ನೋಡುವುದೇ ಮರೆತುಹೋಯಿತು. ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡಿದೆ. ಜಾಸ್ತಿಯೇ ಇತ್ತು, ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ರೇಣುಕಾಗೆ ಹೇಳಿದ್ದು ಹೆಲ್ತ್ ರೂಮಿನಲ್ಲೇ, ಐದು ನಿಮಿಷದಲ್ಲಿ. ಈ ಸಲ ಮಾತಾಡಿದವಳು ನಾನು, ಸುಮ್ಮನೆ ಕೇಳಿದವಳು ಅವಳು. ಎಲ್ಲ ಕೇಳಿ, "ಅವರಿಗಿ ನಿದ್ದಿ ಬರ್ತದೇನು ಅಂತ ಯಾರರೆ ಕೇಳಿದ್ರೇನ್ರೀ, ಇಷ್ಟ್ ವರ್ಷದಾಗ?" ಅಂದಳು.

"ಇಲ್ಲಮ್ಮ. ಯಾರೂ ಕೇಳಲಿಲ್ಲ."

ಮುಂದಿನ ಭಾನುವಾರ ಮಧ್ಯಾಹ್ನ ಅವಳು ಮಲ್ಲಪ್ಪನ ಜೊತೆ ನಮ್ಮೂರಿಗೆ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿ. ನನಗೂ ಮಲ್ಲಪ್ಪನಿಗೂ, ನೀವು ಇಲ್ಲೇ ಇರಿ ಅಂತ ಕೈ ತೋರಿಸಿ ಒಳಗೆ ಹೋದಳು. ನಾವಿಬ್ಬರೂ ಹೊರಗೆ ನೀರಿನ ಸಂಪಿನ ಕಟ್ಟೆಯ ಮೇಲೆ ಕೂತೆವು. ಮತ್ತೆ ಇನ್ನೊಂದು ತಪ್ಪು ಮಾಡಿದೆನಾ, ಇಬ್ಬರನ್ನೂ ಕೆಡಿಸಿದೆನಾ ಅಂತ ಬಾಗಿಲನ್ನೇ ನೋಡುತ್ತಿದ್ದೆ. ಬಹಳ ಹೊತ್ತಾದ ಮೇಲೆ ಇಬ್ಬರೂ ಹೊರಗೆ ಬಂದರು. ಅತ್ತಿಗೆ ರೇಣುಕಾಳ ಭುಜ ಹಿಡಿದುಕೊಂಡು ಒಂದು ಮೆಟ್ಟಿಲು ಹತ್ತಿದರು, ನಿಂತರು, ಇನ್ನೊಂದು ಹತ್ತಿದರು. ಮೊದಲನೇ ಮಹಡಿಯ ತಿರುವಿನವರೆಗೆ ಹೋಗಿ ಅಲ್ಲಿ ಕೂತುಬಿಟ್ಟರು. ರೇಣುಕಾನೂ ಪಕ್ಕದಲ್ಲಿ ಕೂತಳು.

ಒಳಗೆ ಅವರಿಬ್ಬರೂ ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಲ್ಲ.